ಯಕೃತ್ತಿನ ತಾಮ್ರ ಮತ್ತು ಒಂದು ಔಷಧದ ಪರೀಕ್ಷೆ

ನಮ್ಮ ಹಿರಿಯರ ಮನೆಗಳಲ್ಲಿ ತಾಮ್ರದ ಹಂಡೆ, ಕೊಡ, ತಂಬಿಗೆಗಳಿಗೆ ವಿಶೇಷವಾದ ಸ್ಥಾನವಿತ್ತು. ಆದರೆ ಅದೇ ತಾಮ್ರದ ಪಾತ್ರೆಯಲ್ಲಿ ಹುಳಿಯನ್ನಾಗಲಿ ಮಜ್ಜಿಗೆಯನ್ನಾಗಲಿ ಇಡಬಾರದೆಂಬುದನ್ನೂ, ಅಡುಗೆಗೆ ಬಳಸುವುದಾದರೆ ಒಳಗೆ ಕಲಾಯಿ ಹಾಕಿಸಲೇಬೇಕೆಂಬುದನ್ನೂ ಮನೆಯ ಹೆಂಗಸರು ಚೆನ್ನಾಗಿ ಬಲ್ಲವರಾಗಿದ್ದರು. ಕಲಾಯಿಯವನು ಬೀದಿಯ ಕೊನೆಯಲ್ಲಿ ತಿದಿ ಊದುತ್ತ ಕುಳಿತನೆಂದರೆ ಮಕ್ಕಳು ಸುತ್ತಲೂ ನೆರೆಯುತ್ತಿದ್ದುದು ಮನೆಯ ಹಿರಿಯರಿಗೆ ನೆನಪಿರಬಹುದು. ಹುಳಿಯೊಡನೆ ಕೂಡಿದ ತಾಮ್ರವು ಕಿಲುಬಾಗಿ ಆಹಾರವನ್ನು ಕೆಡಿಸುತ್ತದೆಂಬ ತಿಳಿವಳಿಕೆಯೇ ಆ ಎಚ್ಚರಿಕೆಗೆ ಕಾರಣ. ಮಿತಿಯಲ್ಲಿದ್ದಾಗ ಉಪಕಾರಿಯಾದ ವಸ್ತುವೇ ಮಿತಿ ಮೀರಿದಾಗ ಅಪಕಾರಿಯಾಗುತ್ತದೆ.

ಪಾತ್ರೆಗೆ ಸಲ್ಲುವ ಈ ಮಾತು ನಮ್ಮ ದೇಹಕ್ಕೂ ಸಲ್ಲುತ್ತದೆ. ಹೆಚ್ಚಾದ ತಾಮ್ರವನ್ನು ಹೊರಹಾಕುವ ಶಕ್ತಿ ಹುಟ್ಟಿನಿಂದಲೇ ಕುಂದಿರುವ ಕೆಲವು ಮಕ್ಕಳು ಲೋಕದಲ್ಲಿದ್ದಾರೆ. ಆ ಕುಂದಿಗೆ ವಿಲ್ಸನ್ ರೋಗವೆಂದು ಹೆಸರು. ಒಂದು ಕಾಲದಲ್ಲಿ ಈ ರೋಗವು ಪ್ರಕಟವಾಯಿತೆಂದರೆ ಮರಣವು ನಿಶ್ಚಿತವೆಂದೇ ವೈದ್ಯರು ತಿಳಿದಿದ್ದರು. ಇಂದಾದರೋ ಸಕಾಲದಲ್ಲಿ ಗುರುತಿಸಲ್ಪಟ್ಟ ಮಗುವು ಎಲ್ಲರಂತೆ ಓದಿ, ದುಡಿದು, ಸಂಸಾರ ಹೂಡಿ ಬಾಳಬಹುದು. ಈ ಅಂತರವನ್ನು ಉಂಟುಮಾಡಿದುದು ಔಷಧ. ಅದಕ್ಕಿಂತಲೂ ಮುಖ್ಯವಾಗಿ, ಆ ಔಷಧವನ್ನು ಪರೀಕ್ಷಿಸಿದ ರೀತಿ.

ಔಷಧದ ಪರೀಕ್ಷೆ ಎಂಬ ಮಾತು ಕಿವಿಗೆ ಬಿದ್ದೊಡನೆ ತಾಯಿತಂದೆಗಳು ಬೆದರುವುದು ಸಹಜ. “ನಮ್ಮ ಮಗುವಿನ ಮೇಲೆ ಪ್ರಯೋಗವೇ?” ಎಂದು ಅವರು ಕೇಳುತ್ತಾರೆ. ಆ ಪ್ರಶ್ನೆ ಅಲ್ಲಗಳೆಯತಕ್ಕದ್ದಲ್ಲ. ಅದಕ್ಕೆ ಉತ್ತರವನ್ನು ಈ ರೋಗದ ಚರಿತ್ರೆಯಲ್ಲಿಯೇ ಹುಡುಕುವುದು ಪ್ರಸ್ತುತ ಲೇಖನದ ಉದ್ದೇಶ.

ಕೋಡಿ ಕಟ್ಟಿಹೋದ ಕೆರೆ

ವಯಸ್ಕನೊಬ್ಬನ ದೇಹದಲ್ಲಿರುವ ಒಟ್ಟು ತಾಮ್ರ ಸುಮಾರು ೧೦೦ ಮಿಲಿಗ್ರಾಂ. ಎಂದರೆ ಒಂದು ಗ್ರಾಮಿನ ಹತ್ತನೆಯ ಒಂದು ಪಾಲು. ಇಷ್ಟು ಅಲ್ಪವಾದರೂ ಅದಿಲ್ಲದೆ ದೇಹದ ಹಲವು ವ್ಯಾಪಾರಗಳು ನಡೆಯಲಾರವು. ಧಾನ್ಯ, ಬೇಳೆಕಾಳು, ಕಡಲೆಕಾಯಿ, ಗೋಡಂಬಿ ಮುಂತಾದವುಗಳ ಮೂಲಕ ದಿನವೂ ಒಂದೆರಡು ಮಿಲಿಗ್ರಾಂ ತಾಮ್ರವು ನಮ್ಮ ಹೊಟ್ಟೆಯನ್ನು ಸೇರುತ್ತದೆ. ಕರುಳಿನಿಂದ ಹೀರಲ್ಪಟ್ಟ ತಾಮ್ರವು ಮೊದಲು ಹೋಗುವುದು ಯಕೃತ್ತಿಗೆ. ಯಕೃತ್ತು ತನಗೂ ದೇಹಕ್ಕೂ ಬೇಕಾದಷ್ಟನ್ನು ಉಳಿಸಿಕೊಂಡು, ಹೆಚ್ಚಾದುದನ್ನು ಪಿತ್ತರಸದೊಡನೆ ಮತ್ತೆ ಕರುಳಿಗೆ ಸಾಗಿಸಿ ಹೊರಗೆಡಹುತ್ತದೆ.

ಕೆರೆಗೆ ಕೋಡಿ ಇರುವುದೇತಕ್ಕೆಂಬುದನ್ನು ಹಳ್ಳಿಯ ಮಕ್ಕಳಿಗೆ ಹೇಳಬೇಕಾಗಿಲ್ಲ. ಮಳೆ ಹೆಚ್ಚಾದಾಗ ಮಿಕ್ಕ ನೀರು ಕೋಡಿಯ ಮೂಲಕ ಹರಿದುಹೋದರೆ ಏರಿ ಉಳಿಯುತ್ತದೆ. ಕೋಡಿ ಮುಚ್ಚಿಹೋದರೆ ಕೆರೆ ತುಂಬಿ, ಏರಿ ಒಡೆದು, ಕೆಳಗಿನ ಗದ್ದೆಗಳೆಲ್ಲ ಹಾಳಾಗುತ್ತವೆ. ವಿಲ್ಸನ್ ರೋಗದಲ್ಲಿ ಆಗುವುದೂ ಇದೇ. ಯಕೃತ್ತಿನ ಜೀವಕೋಶಗಳಿಂದ ತಾಮ್ರವನ್ನು ಹೊರಕ್ಕೆ ಸಾಗಿಸುವ ಒಂದು ಸಸಾರಜನಕ ವಸ್ತುವು ಈ ಮಕ್ಕಳಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ದಿನದಿನವೂ ಕೂಡುವ ಅಣುಮಾತ್ರದ ತಾಮ್ರವು ವರ್ಷಗಟ್ಟಲೆ ಸಂಗ್ರಹವಾಗಿ ಯಕೃತ್ತನ್ನು ಕೆಡಿಸುತ್ತದೆ. ಅನಂತರ ರಕ್ತಕ್ಕೆ ಇಳಿದು ಮೆದುಳು, ಕಣ್ಣು, ಮೂತ್ರಪಿಂಡಗಳನ್ನು ಸೇರುತ್ತದೆ. ಕಣ್ಣಿನ ಕರಿಗುಡ್ಡೆಯ ಅಂಚಿನಲ್ಲಿ ತಾಮ್ರವು ನೆಲೆಗೊಂಡು ಕಂದುಹಸುರಿನ ಉಂಗುರವಾಗಿ ಕಾಣಿಸಿಕೊಳ್ಳುವುದುಂಟು. ಜರ್ಮನಿಯ ಕೈಸರ್ ಮತ್ತು ಫ್ಲೈಷರ್ ಎಂಬ ವೈದ್ಯರು ೧೯೦೨ ಮತ್ತು ೧೯೦೩ರಲ್ಲಿ ಅದನ್ನು ವರ್ಣಿಸಿದುದರಿಂದ ಅವರ ಹೆಸರೇ ಅದಕ್ಕೆ ನಿಂತಿದೆ.

ರೋಗದ ಪೂರ್ಣ ಚಿತ್ರವನ್ನು ಲೋಕಕ್ಕೆ ಕೊಟ್ಟವನು ಲಂಡನ್ನಿನ ನರರೋಗತಜ್ಞ ಕಿನ್ನಿಯರ್ ವಿಲ್ಸನ್. ೧೯೧೨ರಲ್ಲಿ ಅವನು ಪ್ರಕಟಿಸಿದ ದೀರ್ಘ ಪ್ರಬಂಧದಲ್ಲಿ, ಎಳೆಯ ವಯಸ್ಸಿನವರಲ್ಲಿ ಕೈಕಾಲು ನಡುಗಿ, ಮಾತು ತೊದಲಿ, ಮೈ ಬಿಗಿದು, ಕೊನೆಗೆ ಸಾವನ್ನು ತರುವ ಈ ವ್ಯಾಧಿಯು ಒಂದೇ ಮನೆಯ ಅಣ್ಣತಮ್ಮಂದಿರಲ್ಲಿಯೂ ಅಕ್ಕತಂಗಿಯರಲ್ಲಿಯೂ ಕಾಣಿಸಿಕೊಳ್ಳುವುದೆಂದೂ, ಮೆದುಳಿನೊಡನೆ ಯಕೃತ್ತೂ ಕೆಟ್ಟಿರುವುದೆಂದೂ ತೋರಿಸಿದನು. ಆದರೆ ಚಿಕಿತ್ಸೆಯೆಂಬುದು ಅವನ ಕೈಯಲ್ಲಿ ಯಾವುದೂ ಇರಲಿಲ್ಲ. ಈ ಕುಂದಿಗೆ ಕಾರಣವಾದ ವಂಶವಾಹಿಯು ಹದಿಮೂರನೆಯ ವರ್ಣತಂತುವಿನಲ್ಲಿದೆಯೆಂದು ನಿಖರವಾಗಿ ಗುರುತಿಸಲ್ಪಟ್ಟುದು ೧೯೯೩ರಲ್ಲಿ.

ಶಾಪವಲ್ಲ, ಲೆಕ್ಕ

ಇಲ್ಲಿ ಪಾಲಕರು ಒಂದು ಸಂಗತಿಯನ್ನು ಮನಸ್ಸಿನಲ್ಲಿಡಬೇಕು. ಈ ರೋಗವು ತಾಮ್ರದ ತಂಬಿಗೆಯ ನೀರು ಕುಡಿದುದರಿಂದ ಬಂದುದಲ್ಲ. ಯಾರ ಶಾಪದಿಂದಲೂ, ಯಾರ ಅಪರಾಧದಿಂದಲೂ ಬಂದುದಲ್ಲ. ಪ್ರತಿಯೊಬ್ಬರಲ್ಲಿಯೂ ಈ ವಂಶವಾಹಿಯ ಎರಡು ಪ್ರತಿಗಳಿರುತ್ತವೆ. ಒಂದು ತಾಯಿಯಿಂದ, ಇನ್ನೊಂದು ತಂದೆಯಿಂದ. ಒಂದು ಪ್ರತಿ ಕೆಟ್ಟಿದ್ದರೂ ಇನ್ನೊಂದು ಸರಿಯಾಗಿದ್ದರೆ ಕೆಲಸ ಸಾಗುತ್ತದೆ. ಅಂತಹವರು ಜೀವಮಾನವೆಲ್ಲ ಆರೋಗ್ಯವಂತರಾಗಿಯೇ ಇರುತ್ತಾರೆ. ಸುಮಾರು ೯೦ ಜನರಲ್ಲಿ ಒಬ್ಬರು ಹೀಗೆ ಕೆಟ್ಟ ಪ್ರತಿಯೊಂದನ್ನು ಹೊತ್ತವರೆಂದು ಅಂದಾಜು. ಅಂತಹ ಇಬ್ಬರು ದಂಪತಿಗಳಾದಾಗ, ಎರಡೂ ಕೆಟ್ಟ ಪ್ರತಿಗಳು ಒಂದೇ ಮಗುವಿಗೆ ಬರುವ ಸಂಭವವುಂಟು. ಎರಡು ನಾಣ್ಯಗಳನ್ನು ಒಟ್ಟಿಗೆ ಚಿಮ್ಮಿದರೆ ಎರಡರಲ್ಲಿಯೂ ಅಂಕಿಯ ಮುಖವೇ ಮೇಲಾಗಿ ಬೀಳುವ ಸಂಭವವೆಷ್ಟೋ ಅಷ್ಟು, ನಾಲ್ಕರಲ್ಲಿ ಒಂದು. ವಿದ್ಯಾರ್ಥಿಗಳು ಇದನ್ನು ತಾವೇ ನೂರು ಬಾರಿ ಚಿಮ್ಮಿ ನೋಡಬಹುದು.

ಪ್ರತಿಯೊಂದು ಜನನದಲ್ಲಿಯೂ ನಾಣ್ಯವು ಹೊಸದಾಗಿ ಚಿಮ್ಮಲ್ಪಡುತ್ತದೆ. ಆದುದರಿಂದ ಒಂದು ಮಗುವಿಗೆ ರೋಗ ಬಂದಿತೆಂದರೆ ಉಳಿದವರು ಪಾರಾದರೆಂದು ತಿಳಿಯಲಾಗದು. ಸೋದರಮಾವನೊಡನೆ, ಅತ್ತೆ ಮಾವಂದಿರ ಮಕ್ಕಳೊಡನೆ ಮದುವೆ ಮಾಡುವ ರೂಢಿ ನಮ್ಮಲ್ಲಿ ಬಹಳ ಕಾಲದಿಂದ ನಡೆದುಬಂದಿದೆ. ಒಂದೇ ವಂಶದವರಲ್ಲಿ ಒಂದೇ ಬಗೆಯ ಕೆಟ್ಟ ಪ್ರತಿ ಇಬ್ಬರಲ್ಲಿಯೂ ಇರುವ ಸಂಭವ ಹೆಚ್ಚಾದುದರಿಂದ, ಅಂತಹ ಸಂಬಂಧಗಳಲ್ಲಿ ಈ ರೋಗವೂ ಹೆಚ್ಚಾಗಿ ಕಾಣುತ್ತದೆ. ಲೋಕದಲ್ಲಿ ಸುಮಾರು ೩೦,೦೦೦ ಜನರಲ್ಲಿ ಒಬ್ಬರಿಗೆ ಬರುವುದೆಂದು ಹೇಳಲಾಗುವ ಈ ವ್ಯಾಧಿಯ ೨೮೨ ರೋಗಿಗಳನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಮೂರು ದಶಕಗಳ ಕಾಲ ಪರಿಶೀಲಿಸಿ ೨೦೦೭ರಲ್ಲಿ ಅವರ ವಿವರವನ್ನು ಪ್ರಕಟಿಸಿದರು. ವಿರಳವೆಂದರೆ ಇಲ್ಲವೆಂದರ್ಥವಲ್ಲ.

ಒಂದು ಔಷಧದ ಹುಟ್ಟು

ಯಕೃತ್ತಿನಲ್ಲಿಯೂ ಮೆದುಳಿನಲ್ಲಿಯೂ ತಾಮ್ರವು ಅತಿಯಾಗಿರುವುದನ್ನು ಲಂಡನ್ನಿನ ಕಮಿಂಗ್ಸ್ ಎಂಬ ವಿಜ್ಞಾನಿ ೧೯೪೮ರಲ್ಲಿ ಅಳೆದು ತೋರಿಸಿದನು. ತಾಮ್ರವೇ ಕಾರಣವಾದರೆ ಅದನ್ನು ಹೊರಸೆಳೆಯುವುದೇ ಚಿಕಿತ್ಸೆಯಾಗಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಂಖಿಯ ವಿಷವಾಯುವಿಗೆ ಪ್ರತಿವಿಷವಾಗಿ ಇಂಗ್ಲೆಂಡಿನಲ್ಲಿ ತಯಾರಾಗಿದ್ದ ‘ಬಾಲ್’ ಎಂಬ ದ್ರವ್ಯವು ಲೋಹಗಳನ್ನು ಹಿಡಿದುಕೊಳ್ಳುವ ಗುಣವುಳ್ಳದ್ದಾಗಿತ್ತು. ೧೯೫೧ರಲ್ಲಿ ಅದನ್ನು ವಿಲ್ಸನ್ ರೋಗಿಗಳಿಗೆ ಕೊಟ್ಟು ನೋಡಿದರು. ಕೆಲವರಿಗೆ ಗುಣವೂ ಕಂಡಿತು. ಆದರೆ ಅದನ್ನು ಮಾಂಸಖಂಡಕ್ಕೆ ಸೂಜಿಯಿಂದಲೇ ಚುಚ್ಚಬೇಕಾಗಿತ್ತು, ನೋವು ಬಹಳ, ಕಾಲ ಕಳೆದಂತೆ ಫಲವೂ ಕುಗ್ಗುತ್ತಿತ್ತು. ಜೀವಮಾನವೆಲ್ಲ ಬೇಕಾಗುವ ಚಿಕಿತ್ಸೆಯು ಹೀಗಿದ್ದರೆ ಯಾರು ತಾನೆ ಸಹಿಸಿಯಾರು?

ಇಂತಹ ಸಂದರ್ಭದಲ್ಲಿ ಜಾನ್ ವಾಲ್ಶ್ ಎಂಬ ಆಂಗ್ಲ ವೈದ್ಯನು ಅಮೆರಿಕದ ಬಾಸ್ಟನ್ ನಗರಕ್ಕೆ ಸಂಶೋಧನೆಗಾಗಿ ಹೋದನು. ಅದಕ್ಕೆ ಮೊದಲು ಲಂಡನ್ನಿನಲ್ಲಿ, ಪೆನಿಸಿಲಿನ್ ಪಡೆಯುತ್ತಿದ್ದ ಯಕೃತ್ ರೋಗಿಗಳ ಮೂತ್ರವನ್ನು ಪರೀಕ್ಷಿಸುತ್ತಿದ್ದಾಗ, ಪೆನಿಸಿಲಿನ್ ಒಡೆದು ಹುಟ್ಟುವ ಪೆನಿಸಿಲಮೀನ್ ಎಂಬ ವಸ್ತುವನ್ನು ಅವನು ಅಲ್ಲಿ ಕಂಡಿದ್ದನು. ಬಾಸ್ಟನ್ನಿನಲ್ಲಿ ೧೯೫೫ರಲ್ಲಿ, ಬಾಲ್ ಚಿಕಿತ್ಸೆಗೆ ಜಗ್ಗದೆ ಹೋಗಿದ್ದ ಒಬ್ಬ ವಿಲ್ಸನ್ ರೋಗಿಯನ್ನು ನೋಡುವ ಅವಕಾಶ ಅವನಿಗೆ ಒದಗಿತು. ಪೆನಿಸಿಲಮೀನಿನ ಅಣುವಿನಲ್ಲಿರುವ ಗಂಧಕ ಮತ್ತು ಸಾರಜನಕಗಳು ಏಡಿಯ ಕೊಂಡಿಗಳಂತೆ ತಾಮ್ರವನ್ನು ಹಿಡಿದುಕೊಳ್ಳಬಲ್ಲವೆಂದು ಅವನಿಗೆ ಹೊಳೆಯಿತು. ಹಿಡಿದ ತಾಮ್ರದೊಡನೆ ಅದು ಮೂತ್ರದಲ್ಲಿ ಹೊರಬೀಳುವುದಾದರೆ, ನುಂಗಬಹುದಾದ ಔಷಧವೊಂದು ದೊರೆತಂತೆಯೇ ಸರಿ.

ಹೊಳೆಯುವುದು ಬೇರೆ, ನಿಜವೆಂದು ತಿಳಿಯುವುದು ಬೇರೆ. ವಾಲ್ಶನು ಪೆನಿಸಿಲಮೀನನ್ನು ಮೊದಲು ತಾನೇ ಸೇವಿಸಿದನು. ತನಗೆ ಕೇಡಾಗಲಿಲ್ಲವೆಂದು ಕಂಡ ಮೇಲೆ ರೋಗಿಗೆ ಕೊಟ್ಟನು. ರೋಗಿಯ ಮೂತ್ರದಲ್ಲಿ ತಾಮ್ರದ ಪ್ರಮಾಣ ಒಮ್ಮೆಲೇ ಏರಿತು. ೧೯೫೬ರಲ್ಲಿ ಈ ಫಲಿತಾಂಶಗಳು ಪ್ರಕಟವಾದವು.

ಮೂರು ಪ್ರಶ್ನೆಗಳು

ವೈದ್ಯನು ತಾನೇ ಔಷಧವನ್ನು ನುಂಗಿದುದು ಧೈರ್ಯದ ಮಾತು. ಆದರೆ ಅದರಿಂದ ತಿಳಿದುಬಂದುದು ಸ್ವಲ್ಪವೇ. ಆರೋಗ್ಯವಂತನೊಬ್ಬನಿಗೆ ಅದು ಒಡನೆಯೇ ವಿಷವಾಗಲಿಲ್ಲವೆಂಬುದಷ್ಟೇ ಅದರ ಅರ್ಥ. ಔಷಧವೊಂದನ್ನು ನಂಬಬೇಕಾದರೆ ಮೂರು ಪ್ರಶ್ನೆಗಳಿಗೆ ಉತ್ತರ ದೊರೆಯಬೇಕು.

ಮೊದಲನೆಯದು, ಮಾಡಬೇಕಾದ ಕೆಲಸವನ್ನು ಅದು ಮಾಡುತ್ತದೆಯೇ? ಇದಕ್ಕೆ ಅಳತೆಯೇ ಉತ್ತರ. ದಿನದ ಇಪ್ಪತ್ನಾಲ್ಕು ಗಂಟೆಗಳ ಮೂತ್ರವನ್ನು ಒಂದು ಹನಿಯೂ ಬಿಡದೆ ಕೂಡಿಟ್ಟು ಅದರಲ್ಲಿರುವ ತಾಮ್ರವನ್ನು ಅಳೆಯುತ್ತಾರೆ. ಔಷಧಕ್ಕೆ ಮುಂಚೆ ಎಷ್ಟು, ಅನಂತರ ಎಷ್ಟು ಎಂದು ಹೋಲಿಸುತ್ತಾರೆ. ಆರೋಗ್ಯವಂತನ ಮೂತ್ರದಲ್ಲಿ ದಿನಕ್ಕೆ ಹೋಗುವ ತಾಮ್ರ ಒಂದು ಮಿಲಿಗ್ರಾಮಿನ ನೂರನೆಯ ಕೆಲವೇ ಪಾಲುಗಳು. ಪೆನಿಸಿಲಮೀನ್ ಆರಂಭಿಸಿದ ರೋಗಿಯಲ್ಲಿ ಅದು ಒಂದು ಮಿಲಿಗ್ರಾಮನ್ನೂ ಮೀರುವುದುಂಟು. ಇಲ್ಲಿ ರೋಗಿಯೇ ತನಗೆ ತಾನು ಹೋಲಿಕೆ.

ಎರಡನೆಯದು, ಅದರಿಂದ ರೋಗಿಗೆ ಒಳ್ಳೆಯದಾಗುತ್ತದೆಯೇ? ತಾಮ್ರ ಹೊರಬಿತ್ತೆಂದರೆ ನಡುಕ ನಿಂತಿತೆಂದು ಹೇಳಲಾಗದು. ಇದಕ್ಕೆ ತಿಂಗಳುಗಳಲ್ಲ, ವರ್ಷಗಳೇ ಬೇಕು. ವಾಲ್ಶನೂ ಇತರರೂ ರೋಗಿಗಳನ್ನು ವರ್ಷಾನುವರ್ಷ ನೋಡುತ್ತ ಬಂದರು. ತೊದಲುತ್ತಿದ್ದವರು ಮಾತನಾಡಿದರು, ಹಾಸಿಗೆ ಹಿಡಿದಿದ್ದವರು ನಡೆದಾಡಿದರು. ಆದರೆ ಎಲ್ಲರೂ ಅಲ್ಲ. ಚಿಕಿತ್ಸೆಯ ಆರಂಭದಲ್ಲಿ ಕೆಲವರ ನರಗಳ ಬಾಧೆ ಇನ್ನಷ್ಟು ಹೆಚ್ಚಿತು. ಅದನ್ನೂ ಅವರು ಬರೆದಿಟ್ಟರು.

ಮೂರನೆಯದು, ಅದರಿಂದ ಕೇಡೇನು? ಪೆನಿಸಿಲಮೀನಿನ ಅಣುಗಳು ಎಡಗೈ ಬಲಗೈಗಳಂತೆ ಎರಡು ರೂಪಗಳಲ್ಲಿರುತ್ತವೆ. ಮೊದಮೊದಲು ಎರಡೂ ಬೆರೆತ ವಸ್ತುವೂ ಬಳಕೆಯಲ್ಲಿತ್ತು. ಅವುಗಳಲ್ಲಿ ಒಂದು ರೂಪವು ವಿಷಕರವೆಂದು ತಿಳಿದುಬಂದ ಮೇಲೆ, ಪೆನಿಸಿಲಿನ್ನಿನಿಂದಲೇ ದೊರೆಯುವ ಇನ್ನೊಂದು ರೂಪವನ್ನು ಮಾತ್ರ ಕೊಡತೊಡಗಿದರು. ಆದರೂ ಕೆಲವರಿಗೆ ಜ್ವರ, ಮೈಮೇಲೆ ದದ್ದು; ಮತ್ತೆ ಕೆಲವರಿಗೆ ಮೂತ್ರಪಿಂಡಗಳ ಕೆಡುಕು, ರಕ್ತಕಣಗಳ ಇಳಿತ. ಜೀವವನ್ನು ಉಳಿಸುವ ಔಷಧವೇ ಸಹಿಸಲಸಾಧ್ಯವಾದವರು ಏನು ಮಾಡಬೇಕು?

ಆ ಪ್ರಶ್ನೆಯಿಂದಲೇ ಎರಡನೆಯ ಔಷಧ ಹುಟ್ಟಿತು. ಮೂತ್ರಪಿಂಡಗಳು ಕೆಟ್ಟು ಪೆನಿಸಿಲಮೀನನ್ನು ನಿಲ್ಲಿಸಲೇಬೇಕಾಗಿದ್ದ ರೋಗಿಯೊಬ್ಬನಿಗಾಗಿ ವಾಲ್ಶನು ಕೇಂಬ್ರಿಜ್ಜಿನಲ್ಲಿ ಟ್ರೈಯೆಂಟೀನ್ ಎಂಬ ಬೇರೆ ವಸ್ತುವನ್ನು ಪರೀಕ್ಷಿಸಿ ೧೯೬೯ರಲ್ಲಿ ವರದಿ ಮಾಡಿದನು. ರೋಗಿಗಳು ಬೆರಳೆಣಿಕೆಯವರಾದುದರಿಂದ ಇಂತಹ ಔಷಧವನ್ನು ತಯಾರಿಸಲು ಕಂಪೆನಿಗಳಿಗೆ ಆಸಕ್ತಿಯಿರಲಿಲ್ಲ. ತಾಯಿತಂದೆಗಳಿಲ್ಲದ ಮಗುವಿನಂತಿದ್ದ ಇಂತಹ ಔಷಧಗಳನ್ನು ‘ಅನಾಥ ಔಷಧ’ಗಳೆಂದು ಕರೆದರು. ಅವುಗಳಿಗೆ ಪ್ರೋತ್ಸಾಹ ಕೊಡುವ ಕಾನೂನು ಅಮೆರಿಕದಲ್ಲಿ ೧೯೮೩ರಲ್ಲಿ ಆಯಿತು. ಟ್ರೈಯೆಂಟೀನಿಗೆ ಅಲ್ಲಿ ೧೯೮೫ರಲ್ಲಿ ಅನುಮತಿ ದೊರೆಯಿತು. ಇತ್ತ ಹಾಲೆಂಡಿನಲ್ಲಿ ಸತುವಿನ ಲವಣಗಳನ್ನು ಪ್ರಯೋಗಿಸಿ ನೋಡುತ್ತಿದ್ದರು. ಸತುವು ಕರುಳಿನಲ್ಲಿಯೇ ತಾಮ್ರಕ್ಕೆ ತಡೆಯೊಡ್ಡುತ್ತದೆ. ಅದರ ಒಂದು ಲವಣಕ್ಕೆ ಅಮೆರಿಕದಲ್ಲಿ ೧೯೯೭ರಲ್ಲಿ ಅನುಮತಿ ದೊರೆಯಿತು. ಒಬ್ಬ ರೋಗಿಯಿಂದ ಆರಂಭವಾದ ಕೆಲಸಕ್ಕೆ ಜೀವಮಾನವನ್ನೇ ಮೀಸಲಿಟ್ಟ ವಾಲ್ಶನು ನೂರೆರಡು ವರ್ಷ ಬಾಳಿ ೨೦೨೨ರಲ್ಲಿ ತೀರಿಕೊಂಡನು.

ರೋಗ ಬರುವ ಮೊದಲೇ

ಇನ್ನೊಂದು ಪರೀಕ್ಷೆಯು ತಾಯಿತಂದೆಗಳಿಗೆ ಬಹಳ ಮುಖ್ಯವಾದುದು. ರೋಗಿಯ ಒಡಹುಟ್ಟಿದವರಲ್ಲಿ, ಹೊರನೋಟಕ್ಕೆ ಯಾವ ಲಕ್ಷಣವೂ ಇಲ್ಲದಿದ್ದರೂ ದೇಹದಲ್ಲಿ ತಾಮ್ರವು ಕೂಡುತ್ತಿರುವವರಿರಬಹುದು. ಆಡಿಕೊಂಡಿರುವ ಮಗುವಿಗೆ ಪ್ರತಿದಿನವೂ ಔಷಧ ಕೊಡುವುದು ನ್ಯಾಯವೇ? ಅಮೆರಿಕದ ಸ್ಟೆರ್ನ್‌ಲೀಬ್ ಮತ್ತು ಷೈನ್‌ಬರ್ಗ್ ಎಂಬ ವೈದ್ಯರು ೧೯೬೮ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಚಿಕಿತ್ಸೆ ಪಡೆದವರು ಬಹುಮಟ್ಟಿಗೆ ಆರೋಗ್ಯದಿಂದ ಉಳಿದರು. ಪಡೆಯದವರಲ್ಲಿ ಹಲವರು ರೋಗಿಗಳಾದರು. ಅಂದಿನಿಂದ, ಒಂದು ಮಗುವಿಗೆ ರೋಗವೆಂದು ತಿಳಿದರೆ ಉಳಿದೆಲ್ಲ ಮಕ್ಕಳನ್ನೂ ಪರೀಕ್ಷಿಸುವುದು ನಿಯಮವಾಯಿತು.

ಗುಣವಾಯಿತೆಂದು ಔಷಧವನ್ನು ನಿಲ್ಲಿಸಿದರೆ ಏನಾಗುವುದೆಂಬುದೂ ತಿಳಿದಿದೆ. ವರ್ಷಗಳ ಕಾಲ ಚೆನ್ನಾಗಿದ್ದು ಅನಂತರ ಔಷಧವನ್ನು ಬಿಟ್ಟವರಲ್ಲಿ ಅನೇಕರು ಕೆಲವೇ ವರ್ಷಗಳಲ್ಲಿ ಮರಣಹೊಂದಿದುದನ್ನು ವಾಲ್ಶನೂ ಅವನ ಸಹೋದ್ಯೋಗಿಯೂ ೧೯೮೬ರಲ್ಲಿ ವರದಿ ಮಾಡಿದರು. ಔಷಧವು ಮುಚ್ಚಿದ ಕೋಡಿಯನ್ನು ತೆರೆಯುವುದಿಲ್ಲ. ದಿನದಿನವೂ ಬಂದ ನೀರನ್ನು ಎತ್ತಿಹಾಕುತ್ತದೆ, ಅಷ್ಟೆ. ಏತವನ್ನು ನಿಲ್ಲಿಸಿದರೆ ಕೆರೆ ಮತ್ತೆ ತುಂಬುತ್ತದೆ.

ಇಂದಿನ ಪರೀಕ್ಷೆಗಳು

ಇಂದು ಹೊಸ ಔಷಧವನ್ನು ಪರೀಕ್ಷಿಸುವ ಕ್ರಮ ಬೇರೆ. ಸಾಮಾನ್ಯವಾಗಿ ಮೊದಲು ಪ್ರಾಣಿಗಳಲ್ಲಿ, ಅನಂತರ ಕೆಲವೇ ಸ್ವಯಂಸೇವಕರಲ್ಲಿ, ತರುವಾಯ ಸ್ವಲ್ಪ ಮಂದಿ ರೋಗಿಗಳಲ್ಲಿ, ಕೊನೆಗೆ ಹೆಚ್ಚು ಮಂದಿಯಲ್ಲಿ ನೋಡುತ್ತಾರೆ. ಯಾರಿಗೆ ಯಾವ ಔಷಧವೆಂಬುದನ್ನು ವೈದ್ಯನ ಇಚ್ಛೆಗೆ ಬಿಡದೆ ಚೀಟಿ ಎತ್ತಿದಂತೆ ನಿರ್ಧರಿಸುತ್ತಾರೆ. ಏಕೆಂದರೆ ಹೊಸ ಔಷಧದ ಮೇಲಿನ ಮೋಹವು ಒಳ್ಳೆಯ ವೈದ್ಯನ ಕಣ್ಣನ್ನೂ ಮಂಜು ಮಾಡಬಹುದು. ಹಲವು ರೋಗಗಳಲ್ಲಿ ಒಂದು ಗುಂಪಿಗೆ ಔಷಧವನ್ನೂ ಇನ್ನೊಂದಕ್ಕೆ ಸಪ್ಪೆ ಗುಳಿಗೆಯನ್ನೂ ಕೊಟ್ಟು ಹೋಲಿಸುತ್ತಾರೆ. ವಿಲ್ಸನ್ ರೋಗದಲ್ಲಿ ಇದು ಸಲ್ಲದು. ಚಿಕಿತ್ಸೆಯಿಲ್ಲದೆ ಬಿಡುವುದೆಂದರೆ ಮರಣಕ್ಕೆ ಬಿಟ್ಟಂತೆ. ಆದುದರಿಂದ ಹೊಸದನ್ನು ಹಳೆಯ ಔಷಧದೊಡನೆಯೇ ಹೋಲಿಸಬೇಕು. ೨೦೨೨ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಹೀಗೆಯೇ ಟ್ರೈಯೆಂಟೀನಿನ ಹೊಸ ಲವಣವೊಂದನ್ನು ಪೆನಿಸಿಲಮೀನಿನೊಡನೆ ಹೋಲಿಸಿ, ಅದು ಹಳೆಯದಕ್ಕಿಂತ ಕಡಿಮೆಯಾದುದಲ್ಲವೆಂದು ತೋರಿಸಲಾಯಿತು. ಹಲವು ದೇಶಗಳಿಂದ ಕೂಡಿಸಿದರೂ ಅದರಲ್ಲಿ ಹೀಗೆ ಚೀಟಿಯಿಂದ ಹಂಚಿದ ರೋಗಿಗಳು ಕೇವಲ ೫೩ ಮಂದಿ. ವಿರಳ ರೋಗದಲ್ಲಿ ಒಬ್ಬೊಬ್ಬನ ಒಪ್ಪಿಗೆಗೂ ಎಷ್ಟು ಬೆಲೆಯೆಂಬುದಕ್ಕೆ ಇದು ನಿದರ್ಶನ.

ಎಲ್ಲ ಪರೀಕ್ಷೆಗಳೂ ಗೆಲ್ಲುವುದಿಲ್ಲ. ಮಾಲಿಬ್ಡಿನಂ ಎಂಬ ಲೋಹವುಳ್ಳ ಹೊಸ ಔಷಧವೊಂದರ ದೊಡ್ಡ ಪರೀಕ್ಷೆಯು ೨೦೨೧ರಲ್ಲಿ ಆಶಾದಾಯಕವಾದ ಫಲವನ್ನು ಕೊಟ್ಟಿತ್ತು. ಆದರೆ ಆ ಔಷಧವು ದೇಹದಲ್ಲಿ ತಾಮ್ರದ ಮೇಲೆ ಹೇಗೆ ಕೆಲಸ ಮಾಡುತ್ತದೆಂದು ನೋಡಿದ ಬೇರೆ ಪರೀಕ್ಷೆಗಳ ಫಲಿತಾಂಶವನ್ನು ಪರಿಶೀಲಿಸಿದ ಬಳಿಕ ಆ ಕಂಪೆನಿಯು ೨೦೨೩ರಲ್ಲಿ ಆ ಕಾರ್ಯವನ್ನು ಕೈಬಿಟ್ಟಿತು. ಅದರಲ್ಲಿ ಭಾಗವಹಿಸಿದ ರೋಗಿಗಳ ಶ್ರಮ ವ್ಯರ್ಥವಾಯಿತೆನ್ನಬಹುದೇ? ಸಂದೇಹವಿರುವ ಔಷಧವು ಸಾವಿರಾರು ಮನೆಗಳನ್ನು ಹೊಕ್ಕ ಮೇಲೆ ಆ ಸಂದೇಹ ತಿಳಿಯುವುದಕ್ಕಿಂತ, ಕೆಲವರ ಎಚ್ಚರದ ಲೆಕ್ಕದಲ್ಲಿಯೇ ತಿಳಿಯುವುದು ಲೇಸಲ್ಲವೇ?

ತಾಯಿತಂದೆಗಳಿಗೆ ನಾಲ್ಕು ಮಾತು

ಈಗ ಆರಂಭದ ಪ್ರಶ್ನೆಗೆ ಬರೋಣ. ಮಗುವಿನ ಮೇಲೆ ಪ್ರಯೋಗವೇ? ಪರೀಕ್ಷಿಸದೆ ಕೊಟ್ಟ ಔಷಧವೂ ಒಂದು ಪ್ರಯೋಗವೇ. ಆದರೆ ಅದರ ಲೆಕ್ಕವನ್ನು ಯಾರೂ ಇಡುವುದಿಲ್ಲ. ಕಾಮಾಲೆಯೆಂದೊಡನೆ ಯಾರೋ ಹೇಳಿದ ಮದ್ದನ್ನು ಮಗುವಿಗೆ ಕುಡಿಸುವುದು ನಮ್ಮಲ್ಲಿ ಅಪರೂಪವಲ್ಲ. ಯಕೃತ್ತಿನ ಬೇನೆಗೆಂದು ಕೊಡುವ ಕೆಲವು ಸಾಂಪ್ರದಾಯಿಕ ಔಷಧಗಳಲ್ಲಿ ತಾಮ್ರಭಸ್ಮವು ಸೇರಿರುತ್ತದೆ. ತಾಮ್ರವನ್ನು ಹೊರಹಾಕಲಾರದ ಮಗುವಿಗೆ ಅದನ್ನೇ ಉಣಿಸಿದಂತಾದರೆ ಗತಿಯೇನು? ರೋಗವೆಂದು ತಿಳಿದ ಮೇಲೆ ಆ ಮಗುವಿಗೆ ತಾಮ್ರದ ಪಾತ್ರೆಯಲ್ಲಿಟ್ಟ ನೀರನ್ನೂ ಕೊಡಬಾರದು.

ಕಾಮಾಲೆ ಬಂದ ಮಕ್ಕಳೆಲ್ಲರಿಗೂ ಈ ರೋಗವಿದೆಯೆಂದು ಹೆದರಬೇಕಾಗಿಲ್ಲ. ಬಹುಮಂದಿಗೆ ಬೇರೆ ಸಾಮಾನ್ಯ ಕಾರಣಗಳೇ ಇರುತ್ತವೆ. ಆದರೆ ಕಾಮಾಲೆ ಮತ್ತೆ ಮತ್ತೆ ಬಂದರೆ, ಹೊಟ್ಟೆಯಲ್ಲಿ ನೀರು ತುಂಬಿದರೆ, ದುಂಡಗೆ ಬರೆಯುತ್ತಿದ್ದ ಹುಡುಗನ ಅಕ್ಷರವು ಕಾರಣವಿಲ್ಲದೆ ಕೆಟ್ಟರೆ, ಮಾತು ತೊದಲಿದರೆ, ಜೊಲ್ಲು ಸುರಿದರೆ, ಓದಿನಲ್ಲಿ ಮುಂದಿದ್ದವಳು ಹಿಂದೆ ಬಿದ್ದರೆ, ಸೋಮಾರಿತನವೆಂದು ಗದರಿಸುವ ಮೊದಲು ವೈದ್ಯರಿಗೆ ತೋರಿಸುವುದು ಮೇಲು. ಇದರಲ್ಲಿ ಉಪಾಧ್ಯಾಯರ ಕಣ್ಣೂ ಪಾಲಕರ ಕಣ್ಣಿನಷ್ಟೇ ಉಪಯುಕ್ತವಾದುದು. ಕಣ್ಣಿನ ಪರೀಕ್ಷೆ, ರಕ್ತಪರೀಕ್ಷೆ, ಇಪ್ಪತ್ನಾಲ್ಕು ಗಂಟೆಗಳ ಮೂತ್ರದ ಪರೀಕ್ಷೆ ಇವುಗಳಿಂದ ರೋಗವನ್ನು ಬಹುಮಟ್ಟಿಗೆ ಗುರುತಿಸಬಹುದು.

ಯಾವುದೇ ರೋಗಕ್ಕಾಗಲಿ ಹೊಸ ಔಷಧದ ಪರೀಕ್ಷೆಗೆ ಮಗುವನ್ನು ಸೇರಿಸಿಕೊಳ್ಳುವ ಮಾತು ಬಂದರೆ, ಕೇಳುವ ಹಕ್ಕು ತಾಯಿತಂದೆಗಳಿಗಿದೆ. ಭಾರತದಲ್ಲಿ ೨೦೧೯ರ ನಿಯಮಗಳ ಪ್ರಕಾರ ನೀತಿಸಮಿತಿಯ ಅನುಮೋದನೆಯಿಲ್ಲದೆ ಇಂತಹ ಪರೀಕ್ಷೆ ನಡೆಯುವಂತಿಲ್ಲ. ಪೋಷಕರ ಲಿಖಿತ ಒಪ್ಪಿಗೆ ಬೇಕು. ತಿಳಿವಳಿಕೆ ಬಂದ ಮಗುವಿನ ಸಮ್ಮತಿಯನ್ನೂ ಕೇಳಬೇಕು. ಪರೀಕ್ಷೆಯಿಂದ ಕೇಡಾದರೆ ಚಿಕಿತ್ಸೆಯನ್ನೂ ಪರಿಹಾರವನ್ನೂ ಒದಗಿಸಬೇಕು. ಒಪ್ಪಿದ ಮೇಲೂ ಯಾವಾಗ ಬೇಕಾದರೂ ಹಿಂದೆಗೆಯಬಹುದು. ಹಿಂದೆಗೆದುದಕ್ಕಾಗಿ ಸಾಮಾನ್ಯ ಚಿಕಿತ್ಸೆ ತಪ್ಪಕೂಡದು. ಏನನ್ನು ಅಳೆಯುತ್ತೀರಿ? ಈಗಿರುವ ಔಷಧವನ್ನು ನಿಲ್ಲಿಸುತ್ತೀರಾ? ಕೇಡಾದರೆ ನಡುರಾತ್ರಿಯಲ್ಲಿ ಯಾರನ್ನು ಕರೆಯಬೇಕು? ಪರೀಕ್ಷೆ ಮುಗಿದ ಮೇಲೆ ಔಷಧ ದೊರೆಯುವುದೇ? ಇವು ಕೇಳಬೇಕಾದ ಪ್ರಶ್ನೆಗಳು. ಕೇಳಿದುದಕ್ಕೆ ಬೇಸರಪಡುವವರ ಪರೀಕ್ಷೆಗೆ ಸೇರದಿರುವುದೇ ಲೇಸು.

ಕೊನೆಯದಾಗಿ, ರಾಜ್ಯದ ಗಡಿಯಾಚೆ ತಲೆತಲಾಂತರದಿಂದ ನೆಲಸಿರುವ ನಮ್ಮಂಥವರಿಗೆ ಒಂದು ಮಾತು. ನಾವು ಚಿಕಿತ್ಸೆಗಾಗಿ ಹೋಗುವ ಆಸ್ಪತ್ರೆಯಲ್ಲಿ ಕಾಗದಪತ್ರಗಳು ನಮಗೆ ಓದಲು ಬಾರದ ಭಾಷೆಯಲ್ಲಿರಬಹುದು. ಒಪ್ಪಿಗೆಯ ಪತ್ರವನ್ನು ಸೇರುವವರಿಗೆ ತಿಳಿಯುವ ಭಾಷೆಯಲ್ಲಿಯೇ ಒದಗಿಸಬೇಕೆಂಬುದು ನಿಯಮ. ಕನ್ನಡದಲ್ಲಿ ಕೊಡಿರೆಂದು ಕೇಳಲು ನಾಚಬಾರದು. ಅರ್ಥವಾಗದ ಕಾಗದಕ್ಕೆ ಹಾಕಿದ ರುಜುವು ಒಪ್ಪಿಗೆಯೆನಿಸದು. ತಾಯಿಯೊಬ್ಬಳಿಗೆ ಆ ಕಾಗದವನ್ನು ನಿಧಾನವಾಗಿ ಓದಿ, ಬಿಡಿಸಿ ಹೇಳಬಲ್ಲ ಮಗನೋ ಮಗಳೋ ಮನೆಯಲ್ಲಿದ್ದರೆ, ನಮ್ಮ ಶಾಲೆಯಲ್ಲಿ ಕಲಿತ ಅಕ್ಷರಕ್ಕೆ ಅದಕ್ಕಿಂತ ದೊಡ್ಡ ಉಪಯೋಗ ಬೇರೆ ಯಾವುದು?